ಪ್ರೋಟೀನ್ ಡಬ್ಬಕ್ಕಿಂತ ಮೊದಲು ಒಂದು ಹಿಡಿ ಶೇಂಗಾ: ಕೊಟ್ಟೂರಿನ ತಟ್ಟೆಯಿಂದ ಶುರುವಾಗುವ ಫಿಟ್ನೆಸ್ ಲೆಕ್ಕ

ಗುರುಬಸವೇಶ್ವರ ಸ್ವಾಮಿಯ ರಥೋತ್ಸವದ ಹೊತ್ತಿಗೆ ಕೊಟ್ಟೂರಿಗೆ ಸೇರುವ ರಸ್ತೆಗಳನ್ನ ಒಮ್ಮೆ ನೋಡಬೇಕು. ದಾವಣಗೆರೆ ಕಡೆಯಿಂದ, ಬಳ್ಳಾರಿ ಕಡೆಯಿಂದ ಜನ ಸಾಲುಸಾಲಾಗಿ ನಡೆದು ಬರ್ತಾರೆ. ದಾರಿಯುದ್ದಕ್ಕೂ ಪ್ರಸಾದ, ಮಜ್ಜಿಗೆ, ನೀರು. ಹೊರಟ ದಿನ ಎಲ್ಲರೂ ಹುರುಪಿನಲ್ಲಿ ಇರ್ತಾರೆ. ಮರುದಿನದ ಹೊತ್ತಿಗೆ ಅರ್ಧ ಜನ ಕುಂಟುತ್ತಿರ್ತಾರೆ. ಅಂಗಾಲಲ್ಲಿ ಬೊಬ್ಬೆ, ಮೀನಖಂಡದಲ್ಲಿ ಹಿಡಿತ, ಮಂಡಿಗೆ ನೋವಿನ ಮುಲಾಮು. ವರ್ಷದಲ್ಲಿ ಮುನ್ನೂರ ಅರವತ್ತು ದಿನ ಪಕ್ಕದ ಬೀದಿಯ ಅಂಗಡಿಗೂ ಬೈಕ್ ತೆಗೆಯುವ ಮೈಗೆ ಏಕಾಏಕಿ ದಿನಗಟ್ಟಲೆ ನಡೆ ಅಂದರೆ ಅದು ಇನ್ನೇನು ಮಾಡೀತು?

ಜನವರಿ ಒಂದನೇ ತಾರೀಖು ಜಿಮ್‌ಗೆ ಸೇರಿ, ಇಪ್ಪತ್ತನೇ ತಾರೀಖಿಗೆ ಬಿಡುವವರ ಕತೆಯೂ ಇದೇ. ಮನಸ್ಸಿಗೆ ಅವಸರ, ಮೈಗೆ ಅಭ್ಯಾಸ ಇಲ್ಲ. ನಡುವೆ ರೀಲ್ಸ್ ನೋಡಿ "ಅಣ್ಣಾ, ಯಾವ ಪ್ರೋಟೀನ್ ಪೌಡರ್ ತಗಳ್ಲಿ?" ಅಂತ ಕೇಳುವ ಹುಡುಗರು ಬೇರೆ. ಹಂಗೆ ಕೇಳೋ ಹುಡುಗನಿಗೆ ನಾನು ತಿರುಗಿ ಕೇಳೋದು ಒಂದೇ: "ಬೆಳಗ್ಗೆ ಏನು ತಿಂದೆ ತಮ್ಮಾ?" ಹೆಚ್ಚು ಸಲ ಬರುವ ಉತ್ತರ: "ಮಂಡಕ್ಕಿ, ಎರಡು ಮೆಣಸಿನಕಾಯಿ, ಟೀ."

ಹಾಗಾಗಿ ಈ ಲೇಖನ ಆ ಹುಡುಗನಿಗೆ. ಅವನ ಜೊತೆಗೇ ಓದಿ, ಸಂಜೆ ಐದರ ಮೇಲೆ ಮನೆಯಿಂದ ಹೊರಗೆ ಹೆಜ್ಜೆ ಇಡೋಕೆ ನೂರು ಪ್ರಶ್ನೆಗೆ ಉತ್ತರ ಕೊಡಬೇಕಾದ ಅವನ ತಂಗಿಗೂ. ಮೊದಲ ಸಲ ತನ್ನ ಮೈ ಕಡೆ ಗಮನ ಕೊಡುವವರು ಎಲ್ಲಿಂದ ಶುರು ಮಾಡಬೇಕು? ಮತ್ತೆ ಇದು ಬರೀ "ಮನಸ್ಸು ಮಾಡಿದರೆ ಆಗುತ್ತೆ" ಅನ್ನುವ ವಿಷಯವಾ?

ಮೊದಲು ಲೆಕ್ಕ: ಒಂದು ದಿನಕ್ಕೆ ಎಷ್ಟು ಪ್ರೋಟೀನ್?

ಎಂಜಿನಿಯರಿಂಗ್ ಓದಿ ಆ ಕೆಲಸ ಮಾಡದಿದ್ದರೂ, ಏನೇ ಬಂದರೂ ಮೊದಲು ಲೆಕ್ಕ ಹಾಕುವ ಚಟ ಮಾತ್ರ ಉಳಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ತೂಕದವರಿಗೆ ಇದು ಸುಮಾರು 50 ಗ್ರಾಂ.

ಈಗ ನಮ್ಮ ಕಡೆಯ ಮಾಮೂಲಿ ದಿನವೊಂದನ್ನ ತಗೊಳ್ಳಿ. ಬೆಳಗ್ಗೆ ಒಗ್ಗರಣೆ ಮಂಡಕ್ಕಿ. ಮಧ್ಯಾಹ್ನ, ರಾತ್ರಿ ಅನ್ನ ಸಾರು. ನಡುವೆ ಎರಡು ಟೀ. ದಿನಕ್ಕೆ 350 ಗ್ರಾಂ ಅಕ್ಕಿ ಅಂದರೆ ಸುಮಾರು 28 ಗ್ರಾಂ ಪ್ರೋಟೀನ್. ತಿಳಿ ಸಾರಿನಲ್ಲಿರುವ 20 ಗ್ರಾಂ ತೊಗರಿಬೇಳೆಯಿಂದ 4 ಗ್ರಾಂ. ಮಂಡಕ್ಕಿಯಿಂದ ಮೂರು, ಹಾಲಿನಿಂದ ಮೂರು. ಒಟ್ಟು 38 ಗ್ರಾಂ. ಕೊರತೆ 12 ಗ್ರಾಂ.

ಈ ಹನ್ನೆರಡು ಗ್ರಾಂಗೆ ಸಾವಿರಗಟ್ಟಲೆ ರೂಪಾಯಿಯ ಡಬ್ಬ ಬೇಕಾ? ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ 7 ಗ್ರಾಂ. ಲೆಕ್ಕ ಮುಗೀತು. ಮೊಟ್ಟೆ ತಿನ್ನದವರು ಶೇಂಗಾ ಜೊತೆ ಒಂದು ಹಿಡಿ ಹುರಿಗಡಲೆ ತಿಂದರೆ ಅಷ್ಟೇ ಆಗುತ್ತೆ. ಹೆಸರುಕಾಳು, ಹುರುಳಿಕಾಳು, ಅಲಸಂದಿ ಇವೆಲ್ಲ ನೂರು ಗ್ರಾಂಗೆ ಇಪ್ಪತ್ತು ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುವ ಕಾಳುಗಳು. ರಾತ್ರಿ ನೆನೆಹಾಕಿ ಬೆಳಗ್ಗೆ ಬೇಯಿಸಿ ಈರುಳ್ಳಿ, ನಿಂಬೆಹಣ್ಣು ಹಿಂಡಿದರೆ ಉಸಲಿ ರೆಡಿ.

ಇಲ್ಲಿ ಇನ್ನೊಂದು ವಿಷಯ ಇದೆ. ಬರೀ ಧಾನ್ಯದಿಂದ ಬರುವ ಪ್ರೋಟೀನ್ ಅರೆಬರೆ, ಅದರಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದು ಜಾಸ್ತಿ. ಎರಡೂ ಒಂದೇ ದಿನದ ಊಟದಲ್ಲಿ ಇದ್ದರೆ ಒಂದರ ಕೊರತೆಯನ್ನ ಇನ್ನೊಂದು ತುಂಬುತ್ತೆ. ರೊಟ್ಟಿ ಜೊತೆ ಕಾಳುಪಲ್ಯ, ಅದರ ಮೇಲೆ ಶೇಂಗಾ ಚಟ್ನಿ, ಪಕ್ಕದಲ್ಲಿ ಮೊಸರು: ನಮ್ಮ ಅಜ್ಜಿಯರು ಲೈಸಿನ್ ಹೆಸರು ಕೇಳಿರಲಿಲ್ಲ, ಆದರೂ ತಟ್ಟೆ ಸರಿಯಾಗೇ ಇತ್ತು.

ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಎನ್‌ಐಎನ್) 2024ರ ಮೇನಲ್ಲಿ ಭಾರತೀಯರಿಗೆ ಅಂತ 17 ಆಹಾರ ಸೂತ್ರಗಳನ್ನ ಹೊರತಂದಿತು. ಮೈ ಬೆಳೆಸೋಕೆ ಪ್ರೋಟೀನ್ ಪುಡಿಗಳಿಗೆ ಜೋತುಬೀಳಬೇಡಿ ಅನ್ನೋದೂ ಅದರಲ್ಲಿ ಒಂದು.

ತಟ್ಟೆ ತಿರುವು ಹಾಕೋದು ಹೇಗೆ?

ಅದೇ ಸಂಸ್ಥೆ 2,000 ಕ್ಯಾಲೊರಿಯ ಒಂದು ದಿನದ ತಟ್ಟೆಯನ್ನೂ ಲೆಕ್ಕ ಹಾಕಿ ಕೊಟ್ಟಿದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ, ಜೊತೆಗೆ ಒಂದಿಷ್ಟು ಕಾಯಿಬೀಜ, ಎಣ್ಣೆ. ತೂಕದಲ್ಲಿ ನೋಡಿದರೆ ಸೊಪ್ಪು ತರಕಾರಿಯೇ ದೊಡ್ಡ ಪಾಲು. ನಮ್ಮ ತಟ್ಟೆ ಇದಕ್ಕೆ ಪೂರ್ತಿ ಉಲ್ಟಾ. ಅನ್ನದ ಗುಡ್ಡ, ಅದರ ತುದಿಯಲ್ಲಿ ಚಮಚದಷ್ಟು ಪಲ್ಯ.

ಇದನ್ನ ಒಂದೇ ದಿನಕ್ಕೆ ಸರಿ ಮಾಡೋಕೆ ಹೋಗಬೇಡಿ. ಹದಿನೈದು ದಿನಕ್ಕೆ ಒಂದು ಬದಲಾವಣೆ ಸಾಕು.

ಮೊದಲ ಹದಿನೈದು ದಿನ: ದಿನದ ಒಂದು ಊಟಕ್ಕೆ ಅನ್ನದ ಬದಲು ಜೋಳದ ರೊಟ್ಟಿ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂನಷ್ಟೂ ನಾರಿನಂಶ ಇಲ್ಲ. ಜೋಳದಲ್ಲಿ ಹತ್ತು ಗ್ರಾಂ ಇದೆ. ನಾರು ಜಾಸ್ತಿ ಇದ್ದರೆ ಹೊಟ್ಟೆ ಬೇಗ ತುಂಬುತ್ತೆ, ರಕ್ತಕ್ಕೆ ಸಕ್ಕರೆ ನಿಧಾನವಾಗಿ ಸೇರುತ್ತೆ. ಕೂಡ್ಲಿಗಿ ಕಡೆಯವರಾದರೆ ರಾಗಿ ಮುದ್ದೆ, ನವಣೆ ಅನ್ನವೂ ನಡೆಯುತ್ತೆ. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು ಲೆಕ್ಕಕ್ಕೇ ಬರಲ್ಲ.

ಎರಡನೇ ಹದಿನೈದು ದಿನ: ಪಲ್ಯ ಡಬಲ್. ಪುಂಡಿಪಲ್ಯೆ, ಮೆಂತ್ಯ, ರಾಜಗಿರಿ, ಹಕ್ಕರಿಕೆ, ಸಂತೆಯಲ್ಲಿ ಯಾವುದು ಸಿಗುತ್ತೋ ಅದು. ಹಸಿ ಈರುಳ್ಳಿ, ಸೌತೆಕಾಯಿ ಹೆಚ್ಚಿಟ್ಟುಕೊಂಡರೆ ಅದೂ ತರಕಾರಿಯೇ.

ಮೂರನೇ ಹದಿನೈದು ದಿನ: ಸಕ್ಕರೆ. ದಿನಕ್ಕೆ 25 ಗ್ರಾಂ ಮೀರಬಾರದು ಅಂತಾರೆ. ಎರಡು ಚಮಚ ಸಕ್ಕರೆಯ ಟೀ ನಾಲ್ಕು ಸಲ ಕುಡಿದರೆ ಅದೊಂದರಲ್ಲೇ ಮೂವತ್ತು ಗ್ರಾಂ ದಾಟುತ್ತೆ. ಒಂದು ಸಣ್ಣ ಬಾಟಲಿ ಕೂಲ್‌ಡ್ರಿಂಕ್ಸ್‌ನಲ್ಲೇ ಸುಮಾರು ಒಂದು ದಿನದ ಸಕ್ಕರೆ ಮುಗಿದುಹೋಗುತ್ತೆ. ಮಜ್ಜಿಗೆ ಇರುವ ಊರಿನಲ್ಲಿ ಇದರ ಅಗತ್ಯ ನನಗಂತೂ ಕಾಣಲ್ಲ.

ಇನ್ನು ಮಂಡಕ್ಕಿ ಮೆಣಸಿನಕಾಯಿ. ಅದನ್ನ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಹೇಳಿದರೂ ನೀವು ಕೇಳಲ್ಲ. ಆದರೆ ಮಂಡಕ್ಕಿ ಅಂದರೆ ಉಬ್ಬಿದ ಅಕ್ಕಿ. ಹಗುರ ಅನಿಸುತ್ತೆ, ಬೇಗ ಜೀರ್ಣ ಆಗುತ್ತೆ, ಒಂದು ಗಂಟೆಗೆ ಮತ್ತೆ ಹಸಿವು. ಅದಕ್ಕೇ ಶೇಂಗಾ, ಹುರಿಗಡಲೆ, ಈರುಳ್ಳಿ, ಟೊಮೆಟೊ ಜಾಸ್ತಿ ಹಾಕಿಸಿಕೊಳ್ಳಿ. ಮೂರು ಮೆಣಸಿನಕಾಯಿ ಜಾಗದಲ್ಲಿ ಒಂದು. ಎಣ್ಣೆ ಕಪ್ಪಾಗಿ, ಹೊಗೆ ಬರ್ತಾ ಇದ್ದರೆ ಆ ಬಂಡಿ ಬಿಟ್ಟು ಮುಂದೆ ಹೋಗಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಡುತ್ತೆ. ಅದು ಎಷ್ಟು ಕೆಡಬಹುದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಮಿತಿಯನ್ನೇ ಹಾಕಿದೆ. ತಳ್ಳುಬಂಡಿಯ ಎಣ್ಣೆಯನ್ನ ಯಾರು ಬಂದು ಅಳೀತಾರೆ ಅನ್ನೋದು ಬೇರೆ ಮಾತು.

ಮೈ ಬಗ್ಗಿಸೋದು: ಎಂಟು ವಾರದ ಹಾದಿ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ 150 ನಿಮಿಷ ಆಯಿತು.

ಶುರು ಮಾಡೋರು ಮೊದಲೆರಡು ವಾರ ಹದಿನೈದು ನಿಮಿಷ ಮಾತ್ರ ನಡೀರಿ. ಇನ್ನೂ ನಡೀಬಹುದಿತ್ತು ಅನಿಸಿದಾಗಲೇ ನಿಲ್ಲಿಸಿ. ಮೂರು, ನಾಲ್ಕನೇ ವಾರ ಇಪ್ಪತ್ತು. ಐದನೇ ವಾರದಿಂದ ಅರ್ಧ ಗಂಟೆ. ವೇಗ ಎಷ್ಟಿರಬೇಕು ಅನ್ನೋಕೆ ಸ್ಮಾರ್ಟ್ ವಾಚ್ ಬೇಡ. ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಅದೇ ಸರಿಯಾದ ವೇಗ. ಮಾರ್ಚ್‌ನಿಂದ ಮೇ ತನಕ ನಮ್ಮ ಬಿಸಿಲು ಗೊತ್ತಲ್ಲ, ಬೆಳಗ್ಗೆ ಏಳರ ಒಳಗೆ ಮುಗಿಸಿಬಿಡಿ.

ಇಲ್ಲಿ ಸಣ್ಣಗೆ ಶುರು ಮಾಡೋದಕ್ಕೆ ಕಾರಣ ಇದೆ. ಉಸಿರು ಮತ್ತು ಎದೆ ಕೆಲವೇ ವಾರದಲ್ಲಿ ಒಗ್ಗಿಕೊಳ್ಳುತ್ತವೆ. ಮಂಡಿ, ಹಿಮ್ಮಡಿಯ ನರಹುರಿಗಳು ಗಟ್ಟಿಯಾಗೋಕೆ ಅದಕ್ಕಿಂತ ಜಾಸ್ತಿ ಸಮಯ ಬೇಕು. ಎದೆ "ಓಡು" ಅನ್ನುತ್ತೆ, ಮಂಡಿ "ತಡಿ" ಅನ್ನುತ್ತೆ. ಎದೆಯ ಮಾತಷ್ಟೇ ಕೇಳಿದವರು ಒಂದು ತಿಂಗಳಿಗೆ ಮೂಲೆ ಸೇರ್ತಾರೆ. ಪಾದಯಾತ್ರೆಯಲ್ಲಿ ಕುಂಟುವವರದ್ದೂ ಇದೇ ಕತೆ. ಮುಂದಿನ ಸಲ ಹೋಗುವ ಆಸೆ ಇದ್ದರೆ ಎರಡು ತಿಂಗಳ ಮೊದಲೇ ನಡೆಯೋಕೆ ಶುರು ಮಾಡಿ. ಯಾತ್ರೆಯ ದಿನ ಹೊಸ ಚಪ್ಪಲಿ ಹಾಕಬೇಡಿ.

ಸ್ನಾಯುಗಳಿಗೆ ಜಿಮ್ಮೇ ಆಗಬೇಕು ಅಂತಿಲ್ಲ. ಗರಡಿ ಮನೆಯ ದಂಡ, ಬಸ್ಕಿ ಮರೆಯೋ ಹಾಗಿಲ್ಲ. ನೆಲದ ಮೇಲೆ ದಂಡ ಹೊಡೆಯೋಕೆ ಆಗದಿದ್ದರೆ ಮೊದಲು ಗೋಡೆಗೆ ಕೈ ಕೊಟ್ಟು ಮಾಡಿ, ಆಮೇಲೆ ಕಟ್ಟೆಗೆ, ಆಮೇಲೆ ನೆಲಕ್ಕೆ. ಬಸ್ಕಿ ಕಷ್ಟ ಅನಿಸಿದರೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದರಿಂದ ಶುರು ಮಾಡಿ. ಎಂಟೆಂಟರಂತೆ ಎರಡು ಸುತ್ತು, ವಾರಕ್ಕೆ ಎರಡು ದಿನ. ನಡುವೆ ಒಂದೆರಡು ದಿನ ಬಿಡುವು ಇರಲಿ. ಸ್ನಾಯು ಬಲಿಯೋದು ವ್ಯಾಯಾಮದ ಹೊತ್ತಿನಲ್ಲಲ್ಲ, ಆಮೇಲಿನ ಊಟ ಮತ್ತು ನಿದ್ದೆಯಲ್ಲಿ. ಮೊದಲ ಕೆಲವು ವಾರ ಕನ್ನಡಿಯಲ್ಲಿ ಏನೂ ಕಾಣಲ್ಲ, ಆದರೆ ಬಸ್ಕಿ ಸಲೀಸಾಗುತ್ತೆ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸೋಕೆ ನರಗಳು ಕಲಿಯುವ ಹೊತ್ತು ಅದು. ಬಹಳ ಜನ ಬಿಟ್ಟುಬಿಡೋದು ಈ ಹಂತದಲ್ಲೇ.

ಎದೆನೋವು, ತಲೆಸುತ್ತು, ಬಿಪಿ, ಶುಗರ್ ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ನಿಮ್ಮ ಅಪ್ಪ, ಅಮ್ಮನನ್ನೂ ಕರ್ಕೊಂಡು ಹೋಗಿ.

ಇನ್ನೊಂದು ಮಾತು. ದಿನವಿಡೀ ಹೊಲದಲ್ಲಿ ಕಳೆ ತೆಗೆಯುವ, ಹಮಾಲಿ ಮಾಡುವ, ಗಾರೆ ಕೆಲಸದ ಮೈಗೆ "ವಾಕಿಂಗ್ ಮಾಡಿ" ಅನ್ನೋದು ಅವಮಾನ. ಅವರಿಗೆ ಬೇಕಿರೋದು ಸರಿಯಾದ ಊಟ, ವಿಶ್ರಾಂತಿ, ಸರಿಯಾದ ಕೂಲಿ. ಫಿಟ್ನೆಸ್ ಬಗ್ಗೆ ಬರೆಯುವವರು ಈ ವ್ಯತ್ಯಾಸ ಮರೆತರೆ ಅದು ಪೇಟೆಯ ಖಯಾಲಿ ಆಗಿಬಿಡುತ್ತೆ.

ಈಗ ರಾಜಕೀಯ: ತಟ್ಟೆಗೆ ಜೋಳ ಯಾಕೆ ಬರ್ತಿಲ್ಲ?

"ಜೋಳ ತಿನ್ನಿ" ಅಂತ ಬರೆಯೋದು ಸುಲಭ. ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ಮಳೆಗಾಲದಲ್ಲಿ ಓಡಾಡಿ ನೋಡಿ. ಕಣ್ಣು ಹಾಯಿಸಿದಷ್ಟು ಮೆಕ್ಕೆಜೋಳ. ಅದರಲ್ಲಿ ಬಹುಪಾಲು ಹೋಗೋದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಗ ಎಥೆನಾಲ್‌ಗೆ. ರೈತರನ್ನ ದೂರಿ ಪ್ರಯೋಜನ ಇಲ್ಲ. ಜೋಳದ ತೆನೆಗೆ ಹಕ್ಕಿ ಕಾಟ, ಕೊಯ್ಲಿಗೆ ಆಳು ಸಿಗಲ್ಲ. ಮೆಕ್ಕೆಜೋಳಕ್ಕೆ ಬೀಜ, ಗೊಬ್ಬರ, ಸಾಲ, ಖರೀದಿದಾರ ಎಲ್ಲಾ ಒಂದೇ ಅಂಗಡಿಯ ಬಾಗಿಲಲ್ಲಿ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ, ರಾಗಿಗೆ 4,886, ಮೆಕ್ಕೆಜೋಳಕ್ಕೆ 2,400. ಕಾಗದದ ಮೇಲೆ ಜೋಳ, ರಾಗಿಯೇ ಮುಂದೆ. ಆದರೆ ಖರೀದಿ ಕೇಂದ್ರ ಸಮಯಕ್ಕೆ ತೆರೆದು, ಎಲ್ಲರ ಮಾಲು ತಗೊಂಡರೆ ಮಾತ್ರ ಆ ಬೆಲೆ ಬೆಲೆ.

ಇತ್ತ ಮನೆಗೆ ಬರೋದು ರೇಷನ್ ಅಕ್ಕಿ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನ ತಡೆದಿದೆ. ಅದನ್ನ ಗೇಲಿ ಮಾಡೋರು ಯಾವತ್ತೂ ಉಪವಾಸ ಮಲಗಿದವರಲ್ಲ. ಆದರೆ ಹೊಟ್ಟೆ ತುಂಬಿಸೋದು ಒಂದು, ಮೈಗೆ ಪೋಷಣೆ ಕೊಡೋದು ಇನ್ನೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 47.8% ರಕ್ತಹೀನತೆ ಇರುವವರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಮೂವತ್ತು ವಯಸ್ಕರು ಅತಿತೂಕದವರು. ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಬೊಜ್ಜೂ ಇದೆ, ಪೌಷ್ಟಿಕಾಂಶದ ಕೊರತೆಯೂ ಇದೆ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು 'ಇಂದಿರಾ ಆಹಾರ ಕಿಟ್' ಕೊಡಲು ಒಪ್ಪಿತು. ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಅದರಲ್ಲಿದ್ದವು. ಬೇಳೆ ಸೇರಿಸಿದ್ದು ಸರಿಯಾದ ಹೆಜ್ಜೆ, ಮೇಲಿನ ಲೆಕ್ಕದ 12 ಗ್ರಾಂ ಕೊರತೆ ತುಂಬೋದು ಅಲ್ಲಿಂದಲೇ. ಆದರೆ ಸಕ್ಕರೆ, ಉಪ್ಪು ಕಡಿಮೆ ತಿನ್ನಿ ಅಂತ ಆರೋಗ್ಯ ಇಲಾಖೆ ಹೇಳುತ್ತಿರುವಾಗ ಆಹಾರ ಇಲಾಖೆ ಅವನ್ನೇ ಕಿಟ್‌ಗೆ ಹಾಕುವುದು ಯಾಕೆ? ಆ ಜಾಗಕ್ಕೆ ಇದೇ ನೆಲದ ಶೇಂಗಾ, ಇದೇ ನೆಲದ ಜೋಳ ಬಂದರೆ ಉಣ್ಣುವವರಿಗೂ ಲಾಭ, ಬೆಳೆಯುವವರಿಗೂ ಲಾಭ. ಈ ಪ್ರಶ್ನೆಯನ್ನ ನಿಮ್ಮ ಶಾಸಕರಿಗೆ ಕೇಳಬಹುದು.

ಮೊಟ್ಟೆ ಜಗಳ ನೆನಪಿದೆಯಾ?

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡದವರಿಗೆ ಬಾಳೆಹಣ್ಣು ಇತ್ತು, ಆದರೂ ಗಲಾಟೆ ನಿಲ್ಲಲಿಲ್ಲ. ಗಂಗಾವತಿಯ ಶಾಲೆಯೊಂದರ ಹುಡುಗಿ, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ಮಠಕ್ಕೇ ಬಂದು ತಿಂತೀವಿ ಅನ್ನುವ ಅರ್ಥದಲ್ಲಿ ಮಾತಾಡಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು, 2023ರಲ್ಲಿ ಹತ್ತನೇ ತರಗತಿ ತನಕ ಬೆಳೆಯಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು.

ಇದರ ವಿಚಿತ್ರ ನೋಡಿ. ನಮ್ಮ ಹೊಲದ ಮೆಕ್ಕೆಜೋಳ ಕೋಳಿ ತಿನ್ನುತ್ತೆ. ಆ ಕೋಳಿ ಮೊಟ್ಟೆ ಇಡುತ್ತೆ. ಆ ಮೊಟ್ಟೆ ನಮ್ಮದೇ ಮಕ್ಕಳ ತಟ್ಟೆಗೆ ವಾಪಸ್ ಬರೋಕೆ ಅಷ್ಟು ವರ್ಷ, ಅಷ್ಟು ಜಗಳ ಬೇಕಾಯಿತು. ಏನು ತಿನ್ನಬೇಕು ಅನ್ನೋದು ನಮ್ಮಲ್ಲಿ ಯಾವತ್ತೂ ಬರೀ ಆರೋಗ್ಯದ ಪ್ರಶ್ನೆ ಆಗಿರಲಿಲ್ಲ. ಜಾತಿಯ ಪ್ರಶ್ನೆಯೂ ಆಗಿತ್ತು. "ಸಾತ್ವಿಕ ಡಯಟ್" ಹೆಸರಲ್ಲಿ ಇನ್ನೊಬ್ಬರ ತಟ್ಟೆಯನ್ನ ಕೀಳು ಮಾಡುವ ಫಿಟ್ನೆಸ್ ವಿಡಿಯೊ ಕಂಡರೆ ಇದನ್ನ ನೆನಪಿಡಿ. ಮೊಟ್ಟೆ, ಮೀನು, ಬಾಡು ತಿನ್ನುವವರು ನಾಚಿಕೆ ಪಡಬೇಕಿಲ್ಲ. ಕಾಳು, ಮೊಸರು ತಿನ್ನುವವರು ಪ್ರೋಟೀನ್ ಸಿಗಲ್ಲ ಅಂತ ಹೆದರಬೇಕಿಲ್ಲ.

ಕೊನೆಗೆ ಉಣ್ಣುವವಳು, ನಡೆಯೋಕೆ ಜಾಗ ಇಲ್ಲದವಳು

ಆ 47.8% ಅನ್ನುವ ಅಂಕಿ ಆಕಾಶದಿಂದ ಬಿದ್ದದ್ದಲ್ಲ. ಎಲ್ಲರದ್ದೂ ಮುಗಿದ ಮೇಲೆ ಉಣ್ಣುವ ಅಮ್ಮ, ತಳದಲ್ಲಿ ಉಳಿದ ಸಾರು, ಅಣ್ಣನಿಗೆ ಎರಡು ಮೊಟ್ಟೆ ತಂಗಿಗೆ ಅರ್ಧ: ಹೀಗೆ ನಮ್ಮ ಅಡುಗೆಮನೆಗಳಲ್ಲೇ ಅದರಲ್ಲೊಂದು ಪಾಲು ತಯಾರಾಗುತ್ತೆ. ಜಿಮ್‌ಗೆ ಹೋಗುವ ಹುಡುಗನ ಊಟಕ್ಕೆ ಮನೆ ಪೂರ್ತಿ ಓಡಾಡುತ್ತೆ. ತಿಂಗಳು ತಿಂಗಳು ರಕ್ತ ಕಳ್ಕೊಳ್ಳುವವಳ ಊಟ ಯಾರ ಲೆಕ್ಕಕ್ಕೂ ಬರಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣೋದು ಖರ್ಚಿಲ್ಲದ ಬದಲಾವಣೆ. ಸೊಪ್ಪು, ಕಾಳಿನ ಊಟಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಊಟದ ಜೊತೆಗೇ ಟೀ ಕುಡಿದರೆ ಹತ್ತೋದು ಕಡಿಮೆ, ಅದಕ್ಕೇ ನಡುವೆ ಒಂದು ಗಂಟೆ ಬಿಡಿ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಎಸೀಬೇಡಿ.

ಇನ್ನು ಜಾಗ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿಎಸ್‌ಟಿ 18%ನಿಂದ 5%ಗೆ ಇಳಿದಿದೆ. ಒಳ್ಳೆಯದೇ. ಆದರೆ ಸಣ್ಣ ಊರುಗಳಲ್ಲಿ ಹೆಚ್ಚಿನವರಿಗೆ ಬೇಕಿರೋದು ಬಿಲ್ಲೇ ಇಲ್ಲದ ಜಾಗ. ಸಮತಟ್ಟಾದ ಮೈದಾನ, ರಾತ್ರಿ ಎಂಟರ ತನಕ ಉರಿಯುವ ಲೈಟು, ಒಂದು ಶೌಚಾಲಯ, ಹೆಣ್ಣುಮಕ್ಕಳು ಯಾರ ಕಣ್ಣಿಗೂ ಹೆದರದೆ ನಡೆಯುವ ಹೊತ್ತು. ಕೊಟ್ಟೂರು ತಾಲ್ಲೂಕು ಕೇಂದ್ರ. ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳೆಲ್ಲ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿವೆ, 371(ಜೆ) ವ್ಯಾಪ್ತಿಯಲ್ಲಿವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಈ ಭಾಗಕ್ಕೆ ಬರುತ್ತೆ. ಅದರಲ್ಲಿ ಕಾಂಪೌಂಡು, ಕಮಾನು ಎಷ್ಟು, ಮೈದಾನ ಎಷ್ಟು ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು. ಅರ್ಜಿ ಶುಲ್ಕ ಹತ್ತು ರೂಪಾಯಿ. ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ ಹೆಚ್ಚುಕಮ್ಮಿ ಅಷ್ಟಕ್ಕೇ ಬರುತ್ತೆ.

ನಾಳೆ ಬೆಳಗ್ಗೆ ಮಾಡಬೇಕಾದ್ದು ಇಷ್ಟೇ. ರಾತ್ರಿಯೇ ಒಂದು ಹಿಡಿ ಹೆಸರುಕಾಳು ನೆನೆಹಾಕಿ. ಬೆಳಗ್ಗೆ ಹದಿನೈದು ನಿಮಿಷ ನಡೀರಿ. ಹೋಗುವಾಗ ತಂಗಿಯನ್ನೋ ಅಮ್ಮನನ್ನೋ ಕರೀರಿ. ಅವರು "ನನಗೆಲ್ಲಿ ಪುರುಸೊತ್ತು ಐತಿ" ಅಂದರೆ, ಆ ಹದಿನೈದು ನಿಮಿಷ ಅವರ ಕೈಲಿರುವ ಕೆಲಸ ನೀವು ಮಾಡಿ. ಕಸ ಹೊಡೆಯೋದು, ನೀರು ಹೊರೋದು ಎರಡೂ ಒಳ್ಳೆ ವ್ಯಾಯಾಮವೇ.